ಜ್ಯಾಂಗೋ ರಿಲೀಸ್ ನೋಟ್ಸ್‌ನಲ್ಲಿ ಸ್ಪೆಲ್ಲಿಂಗ್ ತಪ್ಪು ಸಿಕ್ಕಿದೆ, ಕಳಿಸಬೇಕಾ ಬೇಡ್ವಾ?

ಬೈಟೂ_ಕಾಫಿ:
ನಮ್ಮ ಪ್ರಾಜೆಕ್ಟ್ ಇನ್ನೂ ಜ್ಯಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) 4.2ರಲ್ಲೇ ಇದೆ. 5.2ಕ್ಕೆ ಹೋಗಬೇಕು ಅಂತ ನಡುವಿನ ರಿಲೀಸ್ ನೋಟ್ಸ್ (ಪ್ರತಿ ವರ್ಷನ್‌ನಲ್ಲಿ ಏನು ಬದಲಾಯಿತು ಅನ್ನೋ ಪಟ್ಟಿ) ಎಲ್ಲ ಓದುತ್ತಿದ್ದೇನೆ. ಹೊಸ ಫೀಚರ್ ಭಾಗ ಹಾರಿಸಿ, ಹಳೇ ಕೋಡ್ ಎಲ್ಲಿ ಕೈಕೊಡುತ್ತದೆ ಅನ್ನೋ ಭಾಗ ಮಾತ್ರ ಒಂದು ಸಾಲೂ ಬಿಡದೆ. ಹಾಗೆ ಓದುವಾಗ ಸಣ್ಣಪುಟ್ಟ ತಪ್ಪು ಕಣ್ಣಿಗೆ ಬಿದ್ದವು. ಒಂದು ಕಡೆ ಇಂಗ್ಲಿಷ್‌ನ 'ದ' ಎರಡು ಸಲ ಬಂದಿದೆ, ಇನ್ನೊಂದು ಕಡೆ 'ಫ್ರಮ್' ಇರಬೇಕಾದಲ್ಲಿ 'ಫಾರ್ಮ್'. ಸರಿ ಮಾಡಿ ಪಿಆರ್ (ಪುಲ್ ರಿಕ್ವೆಸ್ಟ್, ಅಂದ್ರೆ ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನೋ ಮನವಿ) ಹಾಕೋಣ ಅಂದ್ರೆ ಪಕ್ಕದ ಸೀಟಿನವನು "ಪ್ರೊಫೈಲ್ ತುಂಬಿಸೋಕೆ ಮಾಡ್ತಿದ್ದೀಯಾ" ಅಂತ ನಗುತ್ತಾನೆ. ಇಂಥದ್ದನ್ನು ಅವರು ತಗೊಳ್ತಾರಾ? ಮೊದಲು ಟಿಕೆಟ್ ತೆಗೀಬೇಕಾ?

ಸೆಮಿಕೋಲನ್_ಸಿದ್ದ:
ಧಾರಾಳವಾಗಿ ತಗೊಳ್ತಾರೆ, ಕಳಿಸಿ. ಟ್ರ್ಯಾಕ್‌ನಲ್ಲಿ (ಜ್ಯಾಂಗೋದವರು ತಪ್ಪು, ದೂರು ದಾಖಲಿಸೋ ಸೈಟ್) ಟಿಕೆಟ್ ಬೇಡ. ಪಿಆರ್ ತೆರೆದಾಗ ಬರುವ ಫಾರ್ಮ್‌ನಲ್ಲಿ ಟಿಕೆಟ್ ನಂಬರ್ ಕೇಳುತ್ತದೆ, ಇಷ್ಟು ಚಿಕ್ಕ ಬದಲಾವಣೆಗೆ ಅಲ್ಲಿ ಎನ್/ಎ ಅಂತ ಹಾಕಿದರೆ ಸಾಕು. ಫೈಲುಗಳು ಡಾಕ್ಸ್ (ಡಾಕ್ಯುಮೆಂಟೇಶನ್) ಫೋಲ್ಡರ್ ಒಳಗೆ ರಿಲೀಸಸ್ ಅನ್ನೋ ಕಡೆ ಇವೆ, ಒಂದೊಂದು ವರ್ಷನ್‌ಗೆ ಒಂದೊಂದು. ಎಕ್ಸ್‌ಟೆನ್ಷನ್ ಟಿಎಕ್ಸ್‌ಟಿ ಅಂತಿದ್ದರೂ ಒಳಗಿರೋದು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಅನ್ನೋ ಮಾರ್ಕಪ್. ತಿದ್ದುಪಡಿ ಯಾವ ವರ್ಷನ್‌ದೇ ಆಗಲಿ ಮೇನ್ ಬ್ರಾಂಚ್‌ಗೇ (ಕೋಡ್‌ನ ಮುಖ್ಯ ಶಾಖೆ) ಕಳಿಸಬೇಕು. ಕಮಿಟ್ ಮೆಸೇಜ್ (ಬದಲಾವಣೆ ಏನು ಅಂತ ಅದರ ಜೊತೆ ಬರೆಯೋ ಸಾಲು) ಭೂತಕಾಲದಲ್ಲಿ ಬರೆಯಿರಿ, 'ಫಿಕ್ಸ್' ಅಲ್ಲ 'ಫಿಕ್ಸ್ಡ್', ಕೊನೆಗೆ ಫುಲ್‌ಸ್ಟಾಪ್. ಅದೊಂದು ಅವರಿಗೆ ಶಿಸ್ತು.

ಲೆಗಸಿ_ಲಕ್ಕಪ್ಪ:
ಪಕ್ಕದ ಸೀಟಿನವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ ಸ್ವಾಮಿ. 2024ರ ಶುರುವಿನಲ್ಲಿ ಎಕ್ಸ್‌ಪ್ರೆಸ್ ಅನ್ನೋ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ನ ರೆಪೊದಲ್ಲಿ (ಕೋಡ್ ಇಟ್ಟಿರೋ ಜಾಗ) ಏನಾಯಿತು ನೆನಪಿದೆಯಾ? ಯಾವುದೋ ಪಾಠದ ವಿಡಿಯೋ ನೋಡಿ ಹುಡುಗರು ರೀಡ್‌ಮಿ ಫೈಲಿಗೆ ತಮ್ಮ ಹೆಸರು ಸೇರಿಸಿ ಸಾಲು ಸಾಲು ಪಿಆರ್ ಕಳಿಸಿದರು. ಅಕ್ಟೋಬರ್‌ನಲ್ಲಿ ಪಿಆರ್ ಕಳಿಸಿದವರಿಗೆ ಬಹುಮಾನ ಕೊಡುವ ಹ್ಯಾಕ್ಟೋಬರ್‌ಫೆಸ್ಟ್‌ನ ಟೀ ಶರ್ಟಿಗಾಗಿ 2020ರಲ್ಲೂ ಇದೇ ಗೋಳು, ಕೊನೆಗೆ ಒಪ್ಪಿಗೆ ಕೊಟ್ಟ ರೆಪೊಗಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳೋ ಹಾಗೆ ನಿಯಮ ಬದಲಾಯಿಸಬೇಕಾಯಿತು. ಒಂದು ಅಕ್ಷರ ತಿದ್ದಿದರೂ ಅದನ್ನು ಒಬ್ಬ ಮನುಷ್ಯ ತೆರೆದು ನೋಡಲೇಬೇಕು, ಅಲ್ವಾ. ಹಾಗಾಗಿ ಒಂದು ತಪ್ಪಿಗೆ ಒಂದು ಪಿಆರ್ ಅಂತ ಸುರಿಸಬೇಡಿ. ಇಡೀ ಫೈಲ್ ಓದಿ, ಸಿಕ್ಕಿದ್ದನ್ನೆಲ್ಲ ಒಂದೇ ಸಲ ಕಳಿಸಿ.

ಇನ್ನೊಂದು ಮಾತು. ಅವರ ಡಾಕ್ಸ್ ಅಮೆರಿಕನ್ ಇಂಗ್ಲಿಷ್‌ನಲ್ಲಿದೆ. ನಾವು ಶಾಲೆಯಲ್ಲಿ ಕಲಿತ ಕಲರ್, ಬಿಹೇವಿಯರ್‌ನಲ್ಲಿ 'ಯು' ಇರುತ್ತದೆ, ಅವರದ್ದರಲ್ಲಿ ಇರೋಲ್ಲ. ಅದನ್ನು 'ಸರಿ' ಮಾಡಿಕೊಡೋಕೆ ಹೋಗಬೇಡಿ. ಎಚ್‌ಟಿಟಿಪಿಯ ರೆಫರರ್ ಹೆಡರ್ (ಯಾವ ಪೇಜ್‌ನಿಂದ ಬಂದಿರಿ ಅಂತ ಬ್ರೌಸರ್ ಸರ್ವರ್‌ಗೆ ಹೇಳೋ ಸಾಲು) ಕೂಡ ಹಾಗೇ. ಮಧ್ಯದಲ್ಲಿ ಒಂದು 'ಆರ್' ಕಡಿಮೆ ಇದೆ, 1996ರಲ್ಲಿ ಬಂದ 'ಆರ್‌ಎಫ್‌ಸಿ 1945' ಅನ್ನೋ ಎಚ್‌ಟಿಟಿಪಿ ದಾಖಲೆಯಲ್ಲೇ ಹಾಗೆ ಕೂತುಬಿಟ್ಟಿದೆ. ಆಮೇಲೆ ಬಂದ ರೆಫರರ್ ಪಾಲಿಸಿ ಹೆಡರ್‌ನಲ್ಲಿ ಮಾತ್ರ ಸ್ಪೆಲ್ಲಿಂಗ್ ಸರಿ ಇದೆ. ಎರಡೂ ಜ್ಯಾಂಗೋ ಡಾಕ್ಸ್‌ನಲ್ಲಿ ಬರುತ್ತವೆ, ಎರಡನ್ನೂ ಮುಟ್ಟಬೇಡಿ.

ರಾತ್ರಿ_ಡಿಪ್ಲಾಯ್:
ನಿಮಗೆ ಸಿಕ್ಕ ತಪ್ಪುಗಳು ಉಳಿದಿದ್ದು ಯಾಕೆ ಅಂದ್ರೆ, ಅವು ಸ್ಪೆಲ್ ಚೆಕರ್‌ಗೆ ಕಾಣೋ ಜಾತಿಯವಲ್ಲ. ಡಾಕ್ಸ್ ಫೋಲ್ಡರ್‌ನಲ್ಲಿ ನಿಂತು 'ಮೇಕ್ ಸ್ಪೆಲ್ಲಿಂಗ್' ಕೊಟ್ಟರೆ ಗೊತ್ತಿಲ್ಲದ ಪದವನ್ನೆಲ್ಲ ಎತ್ತಿ ತೋರಿಸುತ್ತದೆ. ಆದರೆ 'ಫಾರ್ಮ್' ಅದಕ್ಕೆ ಸರಿಯಾದ ಪದವೇ, 'ದ' ಎರಡು ಸಲ ಬಂದರೂ ಎರಡೂ ಸರಿಯೇ. ಪದ ಸರಿಯಿದ್ದೂ ಅದು ತಕರಾರು ಮಾಡಿದರೆ ಸ್ಪೆಲ್ಲಿಂಗ್ ವರ್ಡ್‌ಲಿಸ್ಟ್ ಅನ್ನೋ ಫೈಲಿಗೆ ಸೇರಿಸಬಹುದು, ಅಕಾರಾದಿ ಕ್ರಮ ಕೆಡಿಸದೆ.

ಇದಕ್ಕಿಂತ ಮುಖ್ಯವಾದದ್ದು ಬ್ಯಾಕ್‌ಟಿಕ್ (` ಚಿಹ್ನೆ) ಒಳಗಿರುವ ಹೆಸರುಗಳು. ಅದು ಕೋಡ್ ಅಂತ ಚೆಕರ್ ಆ ಕಡೆ ತಿರುಗಿಯೂ ನೋಡಲ್ಲ. ನಿಮ್ಮದೇ ಅಪ್‌ಗ್ರೇಡ್ ತಗೊಳ್ಳಿ. ಫೈಲುಗಳನ್ನು ಎಲ್ಲಿ ಇಡಬೇಕು ಅಂತ ಹೇಳೋ ಡೀಫಾಲ್ಟ್ ಫೈಲ್ ಸ್ಟೋರೇಜ್ ಮತ್ತು ಸ್ಟ್ಯಾಟಿಕ್‌ಫೈಲ್ಸ್ ಸ್ಟೋರೇಜ್ ಸೆಟ್ಟಿಂಗ್‌ಗಳು 5.1ರಲ್ಲಿ ಹೋದವು, ಬದಲಿಗೆ 4.2ರಲ್ಲೇ ಬಂದ ಸ್ಟೋರೇಜಸ್ ಬಳಸಬೇಕು. ನೋಟ್ಸ್‌ನಲ್ಲಿ ಯಾರಾದರೂ ಆ ಕೊನೆಯ 'ಎಸ್' ಬಿಟ್ಟು ಬರೆದಿದ್ದರೆ, ನೀವು ಅದನ್ನೇ ಕಾಪಿ ಮಾಡಿದರೆ, ಎರರ್ ಏನೂ ಬರಲ್ಲ. ಗೊತ್ತಿಲ್ಲದ ಸೆಟ್ಟಿಂಗ್ ಹೆಸರನ್ನು ಜ್ಯಾಂಗೋ ಸುಮ್ನೆ ಕಡೆಗಣಿಸುತ್ತದೆ. ಎಸ್3ಗೆ (ಅಮೆಜಾನ್‌ನ ಕ್ಲೌಡ್ ಸ್ಟೋರೇಜ್) ಹೋಗಬೇಕಾದ ಅಪ್‌ಲೋಡ್‌ಗಳು ಸರ್ವರ್‌ನ ಡಿಸ್ಕ್‌ಗೆ ಬಿದ್ದು, ಮುಂದಿನ ಡಿಪ್ಲಾಯ್‌ನಲ್ಲಿ (ಹೊಸ ಕೋಡ್ ಸರ್ವರ್‌ಗೆ ಏರಿಸುವಾಗ) ಆ್ಯಪ್ ಓಡುವ ಕಂಟೇನರ್ ಬದಲಾದಾಗ ಅಷ್ಟೂ ಮಾಯವಾದ ಮೇಲೆಯೇ ಗೊತ್ತಾಗೋದು. ಅದಕ್ಕೇ ನಾನು ಓದುವಾಗ ಒಂದು ಗುರುತು ನೋಡುತ್ತೇನೆ. ಪೇಜ್‌ನಲ್ಲಿ ಸೆಟ್ಟಿಂಗ್ ಹೆಸರುಗಳು ಸಾಮಾನ್ಯವಾಗಿ ಲಿಂಕ್ ಆಗಿರುತ್ತವೆ. ಲಿಂಕ್ ಇಲ್ಲದೆ ಸಪ್ಪಗೆ ಕೂತಿರೋ ಹೆಸರಿನ ಮೇಲೆ ಅನುಮಾನ ಪಡಿ. ಹಾಗೆ ಏನಾದರೂ ಸಿಕ್ಕಿದರೆ ಪ್ರೊಫೈಲ್ ಗಿಫೈಲ್ ಯೋಚನೆ ಬಿಟ್ಟು ಅವತ್ತೇ ಕಳಿಸಿ.

ಬೈಟೂ_ಕಾಫಿ:
ಎಲ್ಲರಿಗೂ ಥ್ಯಾಂಕ್ಸ್. ಒಂದೇ ಪಿಆರ್ ಹಾಕಿದ್ದೆ, ಮರ್ಜ್ ಆಯಿತು (ಅವರು ಸೇರಿಸಿಕೊಂಡರು). ಆದರೆ ಸೈಟ್‌ನಲ್ಲಿ 5.2ರ ಪೇಜ್ ತೆರೆದರೆ ಇನ್ನೂ ಹಳೇದೇ ಇದೆಯಲ್ಲ, ಕ್ಯಾಶೆ ತೆಗೆದೂ ನೋಡಿದೆ.

ಸೆಮಿಕೋಲನ್_ಸಿದ್ದ:
ಕ್ಯಾಶೆ ಅಲ್ಲ. ಮೇನ್‌ಗೆ ಸೇರಿದ್ದು ಡೆವ್ ಡಾಕ್ಸ್‌ನಲ್ಲಿ (ಇನ್ನೂ ತಯಾರಾಗುತ್ತಿರೋ ವರ್ಷನ್‌ನದ್ದು) ಕಾಣುತ್ತದೆ. 5.2ರ ಪೇಜ್ ತಯಾರಾಗೋದು ಸ್ಟೇಬಲ್ 5.2 ಬ್ರಾಂಚ್‌ನಿಂದ, ಮರ್ಜ್ ಮಾಡಿದವರು ಅಲ್ಲಿಗೆ ಬ್ಯಾಕ್‌ಪೋರ್ಟ್ ಮಾಡಿದರೆ (ಅದೇ ತಿದ್ದುಪಡಿಯನ್ನು ಹಳೇ ಬ್ರಾಂಚ್‌ಗೂ ಹಾಕಿದರೆ) ಮಾತ್ರ ಬರುತ್ತದೆ. ನೀವು ಇನ್ನೊಂದು ಪಿಆರ್ ಹಾಕೋದು ಬೇಡ. ನಿಮ್ಮ ಪಿಆರ್ ಕೆಳಗೆ ನೋಡಿ, ಬ್ಯಾಕ್‌ಪೋರ್ಟ್ ಆಗಿದ್ದರೆ ಆವರಣದಲ್ಲಿ 5.2.ಎಕ್ಸ್ ಅಂತ ಶುರುವಾಗೋ ಕಮಿಟ್ ಕಾಣುತ್ತದೆ. ಇಲ್ಲದಿದ್ದರೆ ಅಲ್ಲೇ ಒಂದು ಸಾಲು ಕೇಳಿ.