ಬಳ್ಳಾರಿ ಗುಡ್ಡದ ಬೆಳಕು ಮತ್ತು ತೈಲವರ್ಣ

ಪ್ರಶ್ನೆ: ಬಳ್ಳಾರಿಯ ಕೋಟೆ ಗುಡ್ಡವನ್ನು ಒಂದೇ ಜಾಗದಲ್ಲಿ ಕುಳಿತು ಹನ್ನೊಂದು ಬಾರಿ ತೈಲವರ್ಣದಲ್ಲಿ ಬರೆದಿದ್ದೇನೆ. ಬೆಳಿಗ್ಗೆ ಏಳಕ್ಕೆ ನಸುಗೆಂಪಾಗಿದ್ದ ಬಂಡೆ ಒಂಬತ್ತರ ಹೊತ್ತಿಗೆ ಬೂದಿಬಣ್ಣಕ್ಕೆ ತಿರುಗುವುದರಿಂದ, ಪ್ರತಿ ಸಲವೂ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಏನು ಮಾಡಲಿ?

ಉತ್ತರ 1: ಒಂದೇ ಕ್ಯಾನ್ವಾಸಿನಲ್ಲಿ ಎರಡು ಹೊತ್ತಿನ ಬೆಳಕನ್ನು ಹಿಡಿಯಲು ಹೋಗಬೇಡಿ ಸರ್. ಫ್ರಾನ್ಸಿನ ಚಿತ್ರಕಾರ ಮೋನೆ 1890–91ರಲ್ಲಿ ಬಣವೆಗಳ ಚಿತ್ರಮಾಲೆಯನ್ನು ಬರೆಯುವಾಗ ಹಲವು ಕ್ಯಾನ್ವಾಸುಗಳನ್ನು ಜೊತೆಗಿಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು. ಕೊಪ್ಪಳದ ಕೋಟೆ ಬೆಟ್ಟಕ್ಕೆ ನಾನೂ ಎರಡು ಸಣ್ಣ ಹಲಗೆಗಳನ್ನು ಒಯ್ಯುತ್ತೇನೆ.

ಉತ್ತರ 2: ಕೆಳಪದರಕ್ಕೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚಿ, ಮೇಲಿನ ಪದರಗಳಿಗೆ ಅಗಸೆ ಎಣ್ಣೆಯನ್ನು ಹೆಚ್ಚಿಸಿ, ಇದು ತಿರುವುಮುರುವಾದರೆ ಬಣ್ಣ ಬಿರುಕು ಬಿಡುತ್ತದೆ. ಬಂಡೆಯ ಸಂದಿನ ನೆರಳಿಗೆ ಕಪ್ಪು ಬೇಡ, ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ನೋಡಿ.

ಪ್ರಶ್ನೆ ಕೇಳಿದವರು: ನಾಳೆಯೇ ಎರಡು ಹಲಗೆ ಹಿಡಿದು ಹೊರಡುತ್ತೇನೆ.