ಯು-ಬೋಟ್ ಮಾಡೆಲ್‌ಗೆ ತುಕ್ಕು ಎಷ್ಟು ಹಾಕಬೇಕು? (ಟೈಪ್ 7ಸಿ/41, 1:144)

ಗೋಂದುಬೆರಳು:
ಎಲ್ಲರಿಗೂ ನಮಸ್ಕಾರ. ರೆವೆಲ್ ಕಂಪನಿಯ 1:144 (ನಿಜದ 144ರಲ್ಲಿ ಒಂದು ಪಾಲು ಅಳತೆಯ) ಯು-ಬೋಟ್, ಅಂದರೆ ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಮಾಡೆಲ್, ಕಟ್ಟಿ ಮುಗಿಸಿದ್ದೇನೆ. ಹಲ್‌ನ (ದೋಣಿಯ ಒಡಲಿನ) ಎರಡು ಹೋಳು ಸೇರುವ ಕಡೆ ಪುಟ್ಟಿ ತುಂಬಿ ಉಜ್ಜಿದೆ, ಗೆರೆ ಕಾಣುತ್ತಿಲ್ಲ. ಮೇಲೆ ತಿಳಿ ಬೂದು, ನೀರಿನ ಮಟ್ಟದ ಕೆಳಗೆ ಕಡು ಬೂದು. ಎಲ್ಲಾ ತಮಿಯಾ ಅಕ್ರಿಲಿಕ್, ಏರ್‌ಬ್ರಷ್‌ನಲ್ಲಿ ಹೊಡೆದದ್ದು.

ಈಗ ವೆದರಿಂಗ್ (ಬಳಸಿ ಸವೆದಂತೆ ಕಾಣಿಸುವ ಬಣ್ಣದ ಕೆಲಸ) ಹತ್ತಿರ ಬಂದು ನಿಂತಿದ್ದೇನೆ. ವಿಡಿಯೋ ನೋಡಿದರೆ ಒಬ್ಬರು ಇಡೀ ದೋಣಿಗೆ ಕಿತ್ತಳೆ ತುಕ್ಕು ಬಳಿದಿದ್ದಾರೆ. ಇನ್ನೊಬ್ಬರದ್ದರಲ್ಲಿ ಒಂದು ಗೀರೂ ಇಲ್ಲ. ಯಾವುದು ಸರಿ? ಹೇರ್‌ಸ್ಪ್ರೇ ವಿಧಾನ ಈಗ ಮಾಡಬಹುದಾ? ಕ್ಯಾಮೆಲ್ ಆಯಿಲ್ ಕಲರ್ ಟ್ಯೂಬ್‌ಗಳು ಮನೆಯಲ್ಲೇ ಇವೆ. ಸ್ಪರ್ಧೆಗೆ ಅಲ್ಲ, ಕಪಾಟಿಗೆ. ಇರುವುದು ಉಡುಪಿಯಲ್ಲಿ, ಹೊರಗೆ ಬಿಡದೆ ಮಳೆ.

ಬಿಡಿಭಾಗ:
ಹೇರ್‌ಸ್ಪ್ರೇ ಕಥೆ ಮುಗಿಯಿತು ಬಿಡಿ. ಅದು ಬಣ್ಣದ ಅಡಿಯಲ್ಲಿ ಇರಬೇಕು. ಮೊದಲು ತುಕ್ಕಿನ ಬಣ್ಣ, ಅದರ ಮೇಲೆ ಹೇರ್‌ಸ್ಪ್ರೇ, ಆಮೇಲೆ ಬೂದು ಅಕ್ರಿಲಿಕ್. ನಂತರ ನೀರು ಸವರಿ ಗಡಸು ಬ್ರಷ್‌ನಲ್ಲಿ ಕೆರೆದರೆ ಮೇಲಿನ ಬಣ್ಣ ಏಳುತ್ತದೆ. ನಿಮ್ಮದು ಈಗಾಗಲೇ ಗಟ್ಟಿಯಾಗಿ ಕೂತಿದೆ. ಆಯಿಲ್ ಕಲರ್‌ನಲ್ಲೇ ಮಾಡಿ. ಸ್ವಲ್ಪ ಧಾರಾಳವಾಗಿಯೇ ಹಾಕಿ. ಇಷ್ಟು ಚಿಕ್ಕ ಮಾಡೆಲ್‌ನಲ್ಲಿ ತೆಳುವಾಗಿ ಮಾಡಿದರೆ ಎರಡು ಅಡಿ ದೂರದಿಂದ ಏನೂ ಕಾಣಲ್ಲ.

ಯಾರ್ಡ್‌ಮಾಮ:
ಧಾರಾಳವಾಗಿ ಹಾಕೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಕಾರಣ ಹೇಳುತ್ತೇನೆ, ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾನು ಹಡಗು ರಿಪೇರಿ ಯಾರ್ಡ್‌ನಲ್ಲಿ ಪೇಂಟ್ ಪರೀಕ್ಷೆ ಕೆಲಸ ಮಾಡಿದವನು. ತುಕ್ಕು ಸುಮ್ನೆ ಎಲ್ಲೆಂದರಲ್ಲಿ ಬರೋದಿಲ್ಲ. ಚೂಪಾದ ಅಂಚಿನ ಮೇಲೆ ಬಣ್ಣ ನಿಲ್ಲಲ್ಲ, ಒಣಗುವಾಗ ಎರಡೂ ಕಡೆಗೆ ಎಳೆದುಕೊಂಡು ಅಂಚಿನಲ್ಲಿ ತೆಳುವಾಗುತ್ತದೆ. ಅದಕ್ಕೇ ಯಾರ್ಡ್‌ನಲ್ಲಿ ಸ್ಪ್ರೇ ಮಾಡುವ ಮುಂಚೆ ಅಂಚು, ವೆಲ್ಡಿಂಗ್ ಗೆರೆ, ಬೋಲ್ಟ್ ಇವಕ್ಕೆಲ್ಲ ಬ್ರಷ್‌ನಲ್ಲಿ ಒಂದು ಕೋಟ್ ಕೊಡುತ್ತೇವೆ. ಸ್ಟ್ರೈಪ್ ಕೋಟ್ ಅಂತ ಕರೆಯೋದು. ಅಷ್ಟು ಮಾಡಿದರೂ ಮೊದಲು ಕೆಂಪಾಗೋದು ಅಲ್ಲೇ. ಬಟಾ ಬಯಲಿನಂಥ ಪ್ಲೇಟ್ ನಡುವೆ ತುಕ್ಕು ಕಂಡರೆ ಯಾರೋ ಏನೋ ಉಜ್ಜಿದ್ದಾರೆ ಅಂತಲೇ ಅರ್ಥ.

ನಿಮ್ಮ ದೋಣಿಯಲ್ಲಿ ಆ ಅಂಚುಗಳು ಎಲ್ಲಿವೆ? ಡೆಕ್ಕಿನ ಕೆಳಗೆ ಪಕ್ಕದಲ್ಲಿ ಸಾಲಾಗಿ ಕಿಂಡಿಗಳಿವೆ ಅಲ್ವಾ, ಅಲ್ಲಿ. ಹೊರಗೆ ಕಾಣೋದು ತೆಳು ಕವಚ, ಒತ್ತಡ ತಡೆಯುವ ನಿಜವಾದ ಹಲ್ ಒಳಗಿದೆ. ದೋಣಿ ಮುಳುಗಿದಾಗ ಆ ಕಿಂಡಿಗಳಿಂದ ನೀರು ಒಳಗೆ ಹೋಗುತ್ತೆ, ಮೇಲೆ ಬಂದಾಗ ಅಲ್ಲಿಂದಲೇ ಸುರಿಯುತ್ತೆ. ಆದ್ದರಿಂದ ತುಕ್ಕಿನ ಗೆರೆ ಕಿಂಡಿಯ ಕೆಳ ಅಂಚಿನಿಂದ ಶುರುವಾಗಿ ಕೆಳಗೆ ಇಳಿಯಬೇಕು. ಕಿಂಡಿಯ ಮೇಲ್ಭಾಗಕ್ಕೆ ತುಕ್ಕು ಬಳಿದ ಮಾಡೆಲ್ ನೋಡಿದರೆ ನನಗೆ ಎದ್ದು ಹೋಗೋಣ ಅನಿಸುತ್ತೆ.

ಎರಡನೇ ಜಾಗ ಹೊಟ್ಟೆಯ ಎರಡೂ ಬದಿ ಉಬ್ಬಿದ ಟ್ಯಾಂಕ್‌ಗಳು. ಇದನ್ನು ಸಬ್‌ಮರೀನ್ ಅಂತ ಕರೆದರೂ ಹೆಚ್ಚಿನ ಹೊತ್ತು ನೀರಿನ ಮೇಲೇ ಓಡುತ್ತಿತ್ತು. ಡೀಸೆಲ್‌ನಲ್ಲಿ ಮೇಲೆ 17 ನಾಟ್‌ಗಿಂತ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಜಾಸ್ತಿ, ಬ್ಯಾಟರಿಯಲ್ಲಿ ಕೆಳಗೆ 8 ನಾಟ್ ಕೂಡ ಇಲ್ಲ. ಅಟ್ಲಾಂಟಿಕ್‌ನಲ್ಲಿ ವಾರಗಟ್ಟಲೆ ಅಲೆ ಬಡಿದು ಟ್ಯಾಂಕಿನ ಮೇಲ್ಮೈಯ ಬಣ್ಣ ಸವೆಯುತ್ತಿತ್ತು. ನೀರಿನ ಮಟ್ಟದಲ್ಲಿ ಹಸಿರು ಪಾಚಿಯ ಕೊಳಕು ಪಟ್ಟಿ. ಹಿಂಭಾಗದಲ್ಲಿ ಡೆಕ್ಕಿನ ಕೆಳಗೆ ಎರಡೂ ಕಡೆ ಎಂಜಿನ್ ಹೊಗೆ ಬಾಯಿ, ಅಲ್ಲಿ ಮಸಿ. ಇಷ್ಟೇ ಸಾಕು. ಪ್ರೊಪೆಲ್ಲರ್ ಕಂಚಿನದು, ಅದಕ್ಕೆ ಕೆಂಪು ತುಕ್ಕು ಹಾಕಬೇಡಿ. ಡೆಕ್ ಮರದ ಪಟ್ಟಿಗಳದ್ದು, ಆದರೆ ಪೀಠೋಪಕರಣದ ಕಂದು ಬೇಡ. ಕಪ್ಪಿಗೆ ಹತ್ತಿರದ ಬೂದು ಹಾಕಿ, ಒಂದೆರಡು ಪಟ್ಟಿ ಮಾತ್ರ ಸ್ವಲ್ಪ ತಿಳಿ.

ಇನ್ನು ಲೆಕ್ಕ. 67 ಮೀಟರ್ ದೋಣಿ ನಿಮ್ಮ ಕೈಯಲ್ಲಿ ಸುಮಾರು 47 ಸೆಂ.ಮೀ. ಅಲ್ಲಿ 2 ಮಿ.ಮೀ. ಚುಕ್ಕೆ ಅಂದರೆ ನಿಜದಲ್ಲಿ ಸುಮಾರು 29 ಸೆಂ.ಮೀ., ಊಟದ ತಟ್ಟೆಯಷ್ಟು ಅಗಲ ಬಣ್ಣ ಎದ್ದ ಹಾಗೆ. ಚಿಪ್ಪಿಂಗ್ (ಬಣ್ಣ ಎದ್ದ ಗುರುತು) ಅಂತ ಎಲ್ಲರೂ ಬ್ರಷ್ ತುದಿಯಲ್ಲಿ ಚುಕ್ಕೆ ಇಡುತ್ತಾರೆ, ಆ ಲೆಕ್ಕ ಯಾರೂ ಹಾಕಲ್ಲ. ದೂರದಿಂದ ಕಾಣಬೇಕು ಅನ್ನುವ ಬಿಡಿಭಾಗ ಅವರ ಮಾತಲ್ಲಿ ಅರ್ಥ ಇದೆ. ಆದರೆ ಕಾಣಿಸೋದು ಚುಕ್ಕೆಯಿಂದ ಅಲ್ಲ, ಬೂದು ಬಣ್ಣದಲ್ಲೇ ಮಾಡುವ ಏರಿಳಿತದಿಂದ.

ಕೊನೆಯದಾಗಿ ನೀವೇ ತೀರ್ಮಾನಿಸಿ: ದೋಣಿ ಹೊರಟಿದೆಯೋ, ವಾಪಸ್ ಬಂದಿದೆಯೋ? ಫ್ರಾನ್ಸ್‌ನ ಲೋರಿಯಾಂ, ಬ್ರೆಸ್ಟ್‌ನಂಥ ಬಂದರುಗಳಲ್ಲಿ ರಿಪೇರಿ ಆಗಿ ಹೊರಟಿದ್ದರೆ ಬಣ್ಣ ಹೊಸದು. ಮರಳಿ ಬಂದಿದ್ದರೆ ಮೇಲೆ ಹೇಳಿದ್ದೆಲ್ಲ.

ಗೋಂದುಬೆರಳು:
ಮಾಮ, ವಾಪಸ್ ಬಂದ ದೋಣಿಯೇ ಬೇಕು! ಗೆರೆ ಎಳೆಯೋದು ಹೇಗೆ? ಹಾರ್ಡ್‌ವೇರ್ ಅಂಗಡಿಯ ತಿನ್ನರ್ ಆಗುತ್ತಾ?

ಯಾರ್ಡ್‌ಮಾಮ:
ಬೇಡವೇ ಬೇಡ! ಅಂಗಡಿಯಲ್ಲಿ ತಿನ್ನರ್ ಅಂದರೆ ಎನ್‌ಸಿ ತಿನ್ನರ್ ಕೊಡುತ್ತಾರೆ. ಅದು ನಿಮ್ಮ ಅಕ್ರಿಲಿಕ್ಕನ್ನೂ ತಿನ್ನುತ್ತೆ, ಪ್ಲಾಸ್ಟಿಕ್ಕನ್ನೂ ತಿನ್ನುತ್ತೆ. ಟರ್ಪೆಂಟೈನ್ ಅಂತ ಬಾಯಿಬಿಟ್ಟು ಕೇಳಿ.

ಮೊದಲು ಹೊಳಪಿನ (ಗ್ಲಾಸಿ) ಕ್ಲಿಯರ್ ವಾರ್ನಿಶ್ ಒಂದು ಕೋಟ್. ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್ ಎರಡನ್ನೂ ರಟ್ಟಿನ ಮೇಲೆ ಹಿಂಡಿ ಸ್ವಲ್ಪ ಹೊತ್ತು ಬಿಡಿ, ಎಣ್ಣೆ ರಟ್ಟಿಗೆ ಇಳಿಯುತ್ತೆ. ಆಗ ಹೊಳಪು ಕಡಿಮೆ, ಒಣಗೋದೂ ಬೇಗ. ಕಿಂಡಿಯ ಕೆಳಗೆ ಸೂಜಿಮೊನೆಯಷ್ಟು ಬಣ್ಣ ಇಡಿ. ಚಪ್ಪಟೆ ಬ್ರಷ್‌ನ್ನು ಟರ್ಪೆಂಟೈನ್‌ನಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ಬಹುತೇಕ ಒಣಗಿದ ಬ್ರಷ್‌ನಲ್ಲಿ ಕೆಳಗೆ ಎಳೆಯಿರಿ. ಟ್ಯಾಂಕಿನ ಉಬ್ಬು ಬಂದಲ್ಲಿ ಗೆರೆಯೂ ಅದರ ಜೊತೆ ಬಾಗಬೇಕು. ಎಲ್ಲಾ ಕಿಂಡಿಗೂ ಬೇಡ, ಒಂದೇ ಉದ್ದವೂ ಬೇಡ. ಜಾಸ್ತಿ ಆಯ್ತು ಅನಿಸಿದರೆ ಟರ್ಪೆಂಟೈನ್‌ನಲ್ಲಿ ಒರೆಸಿ ತೆಗೆಯಬಹುದು, ಅದೇ ಆಯಿಲ್ ಕಲರ್‌ನ ಸುಖ.

ಕೀಲ್‌ಕನ್ನಡಿಗ:
ನಾನಿರುವುದು ಜರ್ಮನಿಯ ಕೀಲ್ ಪಕ್ಕ. ಲಾಬೋ ಕಡಲತೀರದಲ್ಲಿ ಯು-995 ನಿಂತಿದೆ, ಇದೇ 7ಸಿ/41. ಯುದ್ಧ ಮುಗಿದ ಮೇಲೆ ನಾರ್ವೆ ನೌಕಾಪಡೆ ಅದನ್ನು ‘ಕೌರಾ’ ಹೆಸರಲ್ಲಿ ಓಡಿಸಿತು, 1972ರಿಂದ ಮ್ಯೂಸಿಯಂ. ಫೋಟೋ ಬೇಕಿದ್ದರೆ ಹೇಳಿ. ಕಿಂಡಿಗಳ ಆಕಾರ, ರೇಲಿಂಗ್, ಟವರ್ ಹಿಂದಿನ ಗನ್ ಕಟ್ಟೆ ಎಲ್ಲಾ ಚೆನ್ನಾಗಿ ಸಿಗುತ್ತವೆ.

ಯಾರ್ಡ್‌ಮಾಮ:
ಆಕಾರಕ್ಕೆ ದಯವಿಟ್ಟು ಹಾಕಿ. ಬಣ್ಣಕ್ಕೆ ಮಾತ್ರ ನಂಬಬೇಡಿ. ಮ್ಯೂಸಿಯಂ ದೋಣಿಗೆ ಮತ್ತೆ ಮತ್ತೆ ಬಣ್ಣ ಹೊಡೆಯುತ್ತಾರೆ, ಅಲೆ ಬಡಿಯಲ್ಲ. ವಿಶಾಖಪಟ್ಟಣದ ಕುರ್ಸುರ ಸಬ್‌ಮರೀನ್ ಮ್ಯೂಸಿಯಂ ನೋಡಿದವರಿಗೂ ಇದೇ ಮಾತು. ನೆಲದ ಮೇಲೆ ನಿಂತ ದೋಣಿಯ ತುಕ್ಕು ಮಳೆನೀರಿನ ತುಕ್ಕು, ಅದರ ದಾರಿಯೇ ಬೇರೆ. ಬಣ್ಣಕ್ಕೆ ಯುದ್ಧಕಾಲದ ಕಪ್ಪು-ಬಿಳುಪು ಫೋಟೋ ನೋಡಿ. ಬಣ್ಣ ಗೊತ್ತಾಗದಿದ್ದರೂ ಎಲ್ಲಿ ಸವೆದಿದೆ ಅನ್ನೋದು ಗೊತ್ತಾಗುತ್ತೆ.

ಬಿಡಿಭಾಗ:
ಸರಿ ಮಾಮ, ಧಾರಾಳ ವಾಪಸ್ ತಗೊಂಡೆ, ಅರ್ಧ ಮಾತ್ರ. ಗೋಂದುಬೆರಳು, ಉಡುಪಿ ಮಳೆಯಲ್ಲಿ ಮ್ಯಾಟ್ ವಾರ್ನಿಶ್ ಹೊಡೆದರೆ ಗಾಳಿಯ ತೇವಕ್ಕೆ ಬಿಳಿ ಮಬ್ಬು ಹಿಡಿಯುತ್ತೆ, ಕಡು ಬೂದಿನ ಮೇಲೆ ತುಂಬಾ ಎದ್ದು ಕಾಣುತ್ತೆ. ಮಳೆ ಬಿಟ್ಟ ಮಧ್ಯಾಹ್ನಕ್ಕೆ ಕಾಯಿರಿ. ಅಲ್ಲಿಯವರೆಗೆ ಆಯಿಲ್ ಕಲರ್ ಹೇಗೂ ಒಣಗಬೇಕಲ್ಲ.

ಗೋಂದುಬೆರಳು:
ಎಲ್ಲರಿಗೂ ಥ್ಯಾಂಕ್ಸ್. ಕೀಲ್‌ಕನ್ನಡಿಗ ಅವರೇ, ಹಿಂಭಾಗದ ಹೊಗೆ ಬಾಯಿಯ ಫೋಟೋ ಒಂದು ಹಾಕಿ. ಕಿಟ್‌ನಲ್ಲಿ ಅದು ಬರೀ ಒಂದು ಗೀಟು.