ಅಪ್‌ಡೇಟ್: ಹಲ್ಲಿನ ಮಾಡೆಲ್‌ನ ಗುಳ್ಳೆ ಹೋಯ್ತು
ಆಲ್ಜಿನೇಟ್ ಇಂಪ್ರೆಷನ್‌ಗೆ (ಬಾಯಿಂದ ತೆಗೆದ ಹಲ್ಲಿನ ಮೆತ್ತನೆಯ ಅಚ್ಚು) ಡೆಂಟಲ್ ಸ್ಟೋನ್ (ನೀರಲ್ಲಿ ಕಲಸಿದರೆ ಗಟ್ಟಿಯಾಗುವ ಜಿಪ್ಸಮ್ ಪುಡಿ) ಸುರಿದರೆ ಹಲ್ಲಿನ ತುದಿಯಲ್ಲಿ ಗುಳ್ಳೆ, ಮೇಲ್ಮೈ ಸೀಮೆಸುಣ್ಣದ ಹಾಗೆ ಉದುರುತ್ತದೆ ಅಂತ ಕೇಳಿದ್ದೆ ಅಲ್ವಾ? ಈಗ ಸರಿಹೋಗಿದೆ. ಎಲ್ಲರಿಗೂ ಥ್ಯಾಂಕ್ಸ್.

ಅಚ್ಚಿರುವ ಟ್ರೇಯನ್ನು ವೈಬ್ರೇಟರ್ (ಅದುರಿಸುವ ಯಂತ್ರ) ಮೇಲಿಟ್ಟು, ಒಂದೇ ಬದಿಯ ಕೊನೆಯ ದವಡೆ ಹಲ್ಲಿನ ಹತ್ತಿರ ಸ್ವಲ್ಪ ಸ್ವಲ್ಪವೇ ಸ್ಟೋನ್ ಬಿಡುತ್ತೇನೆ. ಅದು ಒಂದೊಂದೇ ಹಲ್ಲಿನ ಗುಳಿ ತುಂಬಿಕೊಂಡು ಇನ್ನೊಂದು ಬದಿಗೆ ಹರಿಯುತ್ತದೆ, ಗಾಳಿಯನ್ನು ಮುಂದೆ ತಳ್ಳಿಕೊಂಡು. ನೋಡೋಕೇ ಖುಷಿ! 100 ಗ್ರಾಂ ಪುಡಿಗೆ ಸುಮಾರು 30 ಮಿ.ಲೀ. ನೀರು; ಬೌಲ್‌ಗೆ ಮೊದಲು ನೀರು, ಆಮೇಲೆ ಪುಡಿ.

ಉದುರುವುದಕ್ಕೆ ಮದ್ದು ಬೇರೆ. ಸ್ಟೋನ್ ಸುರಿಯುವ ಮೊದಲು ಅಚ್ಚಿನ ಎಂಜಲು ಚೆನ್ನಾಗಿ ತೊಳೆದು, ನಿಂತ ನೀರನ್ನು ಊದಿ ತೆಗೆಯಬೇಕು. ಸುರಿದು ಸುಮಾರು ಒಂದು ಗಂಟೆಯಾದ ಮೇಲೆ ಅಚ್ಚಿನಿಂದ ಮಾಡೆಲ್ ಬಿಡಿಸಬೇಕು. ‘ಬೆಳಿಗ್ಗೆ ಬಿಡಿಸಿದರಾಯ್ತು’ ಅನ್ನೋ ಲ್ಯಾಬಿನ ಅಭ್ಯಾಸವೇ ಜಾಸ್ತಿ ಕಾಟ ಕೊಡುತ್ತಿತ್ತು.

ಸಪೂರ ಕೆಳಹಲ್ಲು ಬಿಡಿಸುವಾಗ ಮುರಿಯೋದು ಮಾತ್ರ ಇನ್ನೂ ನಿಂತಿಲ್ಲ.